ನಾವು ಮೂವರು ಹೊರಡುವ ವರ್ಷ

ಏಪ್ರಿಲ್ 22, ಮಂಗಳವಾರ

ಮಂಡಿಗೆ ಐಸು. ಕಾಫಿ. ಇನ್ನೊಂದು ಕಾಫಿ. ಹತ್ತಕ್ಕೆ ಅಭ್ಯಾಸ.

ಅದಕ್ಕೂ ಮೊದಲೇ ಫುಟ್‌ಬಾಲ್ ಕ್ಲಬ್ಬಿನ ಡೈರೆಕ್ಟರ್ ಕರೆಸಿದರು. ಮೊದಲು ಗೋಲ್‌ಕೀಪರ್ ಸಮುಯೆಲಾ, ಆಮೇಲೆ ನಾನು, ಕೊನೆಗೆ ಇಲೇನಿಯಾ. ಮೂವರಿಗೂ ಅದೇ ಕುರ್ಚಿ, ಅದೇ ಮಾತು. ಜೂನ್‌ಗೆ ಕರಾರು ಮುಗಿಯುತ್ತದೆ, ಮುಂದುವರಿಸುವುದಿಲ್ಲ. ಗೌರವದಿಂದಲೇ ಹೇಳಿದರು. ಕುಡಿಯಲು ನೀರು ಕೊಟ್ಟರು.

ಹೊರಗೆ ಸಮುಯೆಲಾ ಕೈಗವಸು ಹಾಕಿಕೊಂಡೇ ಗೋಡೆಗೆ ಒರಗಿ ನಿಂತಿದ್ದಳು. ಇಲೇನಿಯಾ ಮಾತ್ರ ನಗುತ್ತಾ ಬಂದಳು. ಸಾರ್ಡಿನಿಯಾದವಳು, ಹದಿನಾಲ್ಕು ವರ್ಷದಿಂದ ನಮಗೆ ಗೋಲು ಹೊಡೆದುಕೊಡುತ್ತಿರುವವಳು. ಕೆಟ್ಟ ಸುದ್ದಿ ಕೇಳಿದರೆ ಅವಳಿಗೆ ಹಸಿವಾಗುತ್ತದೆ.

"ಮೂರು ಮುದಿ ಕುದುರೆ ಒಟ್ಟಿಗೇ ಲಾಯದಿಂದ ಹೊರಗೆ. ನಡೀರೇ, ಏನಾದ್ರೂ ತಿನ್ನೋಣ."

"ಅಭ್ಯಾಸ ಇದೆ," ಅಂದೆ.

"ಇನ್ನು ಯಾರಿಗೆ ತೋರಿಸ್ಬೇಕು ಕಣೆ ನೀವೆಸ್?"

ಹಾಗೆಂದವಳೇ ಎಲ್ಲರಿಗಿಂತ ಮೊದಲು ಮೈದಾನಕ್ಕಿಳಿದಳು.

ಮೂವತ್ತೆಂಟಾಯಿತು ನನಗೆ. ಗೊತ್ತಿದ್ದದ್ದೇ. ಗೊತ್ತಿದ್ದರೂ... ಆದರೆ ಅಳು ಬರಲಿಲ್ಲ, ಅದೇ ಆಶ್ಚರ್ಯ. ಇನ್ನೂ ಮೂರು ಪಂದ್ಯ ಇವೆ. ಮೊದಲ ಸ್ಥಾನದವರು ನಮಗಿಂತ ಮೂರೇ ಅಂಕ ಮುಂದೆ.

ಏಪ್ರಿಲ್ 27, ಭಾನುವಾರ

ಗೆದ್ದೆವು. ನಾನು ಬೆಂಚಿನ ಮೇಲೆ. ಡಿಫೆನ್ಸಿನ ನನ್ನ ಜಾಗದಲ್ಲಿ ಮಾತಿಲ್ಡೆ — ಹತ್ತೊಂಬತ್ತು ವರ್ಷ, ಗಾಳಿಯ ಹಾಗೆ ಓಡುತ್ತಾಳೆ. ಹೊಟ್ಟೆಕಿಚ್ಚು ಪಡೋಣವೆಂದರೆ ಅದಕ್ಕೂ ಬಿಡುವುದಿಲ್ಲ. ಪಂದ್ಯ ಮುಗಿದ ಕೂಡಲೇ ಬಂದು, "ಎಡಗಡೆಯಿಂದ ಅವ್ರು ಬಂದಾಗ ನಾನು ಮುಂಚೇನೇ ನುಗ್ಗಿಬಿಟ್ನಾ?" ಎಂದು ಕೇಳಿದಳು.

"ನುಗ್ಗಿದೆ."

"ನೀವಾಗಿದ್ರೆ?"

"ನಾನು ಕಾಯ್ತಿದ್ದೆ. ಓಡಕ್ಕಾಗಲ್ವಲ್ಲ."

ನಕ್ಕಳು. ನಾನೂ ನಕ್ಕೆ.

ಮೇ 4, ಭಾನುವಾರ

ಗೆದ್ದೆವು. ಬಸ್ಸಿನಲ್ಲಿ ಬರುವಾಗ ಸುದ್ದಿ — ಮೇಲಿನವರು ಡ್ರಾ ಮಾಡಿಕೊಂಡಿದ್ದಾರೆ. ಈಗ ಒಂದೇ ಅಂಕದ ಅಂತರ. ಕೊನೆಯ ಪಂದ್ಯಕ್ಕೆ ನಮ್ಮ ಟೂರಿನ್‌ಗೇ ಬರುವವರು ಅವರೇ. ಗೆದ್ದರೆ ಪ್ರಶಸ್ತಿ ನಮ್ಮದು. ಡ್ರಾ ಆದರೂ ಅವರದು.

ಇಲೇನಿಯಾ ಸೀಟಿನ ಮೇಲೆ ಹತ್ತಿ ನಿಂತು ಹಾಡಿದಳು. ಡ್ರೈವರ್ ಬೈದ. ಅವನನ್ನೂ ಹಾಡಿಗೆ ಸೇರಿಸಿಕೊಂಡಳು.

ಮೇ 6, ಮಂಗಳವಾರ

ಕೊನೆಯ ಪಂದ್ಯ ದೊಡ್ಡ ಕ್ರೀಡಾಂಗಣದಲ್ಲಿ. ಗಂಡಸರು ಆಡುವಲ್ಲಿ. ಡೈರೆಕ್ಟರೇ ಬಂದು ಹೇಳಿದರು. ಒಬ್ಬರ ಮುಖ ಒಬ್ಬರು ನೋಡಿದೆವು. ನಾನು ಸೇರಿದ ಕಾಲಕ್ಕೆ ಚರ್ಚಿನ ಹಿಂದಿನ ಮೈದಾನ. ದೀಪವಿಲ್ಲ. ಬಿಸಿನೀರು ಮೊದಲ ನಾಲ್ವರಿಗೆ ಮಾತ್ರ.

ಮೇ 8, ಗುರುವಾರ

ಬ್ರೆಡ್ಡಿಗೆಂದು ಬಾರಿಯೇರಾ ಬೀದಿಗೆ ಹೋದೆ. ಹಳೆಯ ದಾರಿ. ಆಟಕ್ಕೆ ಸಂಬಳವಿಲ್ಲದ ವರ್ಷಗಳಲ್ಲಿ ಬೆಳಿಗ್ಗೆ ಇಲ್ಲಿ ಅಂಚೆ ಹಂಚಿ ಸಂಜೆ ಅಭ್ಯಾಸಕ್ಕೆ ಓಡುತ್ತಿದ್ದೆ. ಬ್ರೆಡ್ಡಿನಂಗಡಿಯ ಪಾವುತಾಸ್ಸೊ ಅಮ್ಮ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದೇ ಬಂದಳು.

"ಭಾನುವಾರ ಇಡೀ ಬೀದಿ ಬರ್ತಿದೀವಿ. ಮೀನಿನಂಗಡಿಯವ್ನು ಅಂಗಡಿ ಮುಚ್ತಾನಂತೆ. ಅವ್ನು ಹೆಂಡ್ತಿ ಹೆರಿಗೆಗೂ ಮುಚ್ಚಿರ್ಲಿಲ್ಲ."

"ನಾನು ಆಡೋದು ಗ್ಯಾರಂಟಿ ಇಲ್ಲ ಅಮ್ಮಾ."

"ಏನು ಹಂಗಂದ್ರೆ? ಟಿಕೆಟ್ ತಗೊಂಡಾಯ್ತು. ಆಡ್ಬೇಕು ಅಷ್ಟೆ."

ದುಡ್ಡು ತೆಗೆದುಕೊಳ್ಳಲಿಲ್ಲ.

ಮೇ 9, ಶುಕ್ರವಾರ

ಕೋಚ್ ವೆಜ್ಜಾನಿಯ ಕೋಣೆಗೆ ನಾನಾಗಿಯೇ ಹೋದೆ. ನನಗಿಂತ ಎರಡು ವರ್ಷ ಚಿಕ್ಕವನು. ಆದರೂ ಎಲ್ಲರ ಹಾಗೆ ನಾನೂ ಮಿಸ್ಟರ್ ಎನ್ನುತ್ತೇನೆ.

"ಭಾನುವಾರ ನಾನು ಇದೀನಾ ಮಿಸ್ಟರ್?"

ಪೆನ್ನು ಕೆಳಗಿಟ್ಟ. "ಮಾತಿಲ್ಡೆ ಆಡ್ತಾಳೆ. ಅವರ ಫಾರ್ವರ್ಡ್ ಓಡೋದು ನೋಡಿದೀಯಲ್ಲ. ನಿನ್ನ ಕೈಲಾಗಲ್ಲ ನೀವೆಸ್. ಬೀಳ್ಕೊಡುಗೆಗೆ ಅಂತ ಪ್ರಶಸ್ತಿ ಬಿಟ್ಟುಕೊಡಕ್ಕಾಗಲ್ಲ."

"ಬೀಳ್ಕೊಡುಗೆ ಯಾರು ಕೇಳಿದ್ರು? ಬೇಕಾದಾಗ ಕರಿ. ಸಿದ್ಧವಾಗಿರ್ತೀನಿ."

"ಸಿಟ್ಟು ಬಂತಾ?"

"ಬಂತು."

"ಒಳ್ಳೇದು. ಇಟ್ಕೊಂಡಿರು."

ಮೇ 11, ಭಾನುವಾರ, ಬೆಳಿಗ್ಗೆ

ಐದಕ್ಕೇ ಎಚ್ಚರ. ತಿಂಡಿ ಸೇರುತ್ತಿಲ್ಲ. ಸಮುಯೆಲಾ ಫೋನ್ ಮಾಡಿ, "ಸರಿ, ಅಲ್ಲೇ ಸಿಗೋಣ" ಎಂದು ಇಟ್ಟಳು. ಇಲೇನಿಯಾಳ ಸಂದೇಶ — ಮೂರು ತಟ್ಟೆ ಪಾಸ್ತಾ ತಿಂದಳಂತೆ. ಬೂಟಿನ ಚೀಲ ಮೂರನೇ ಸಲ ತೆಗೆದು ನೋಡಿದೆ. ಮೊದಲ ಪಂದ್ಯದ ದಿನವೂ ಹೀಗೆ ಮಾಡಿರಲಿಲ್ಲ.

ಮೇ 12, ಸೋಮವಾರ

ಗಂಟಲು ಪೂರ್ತಿ ಹೋಗಿದೆ. ಮರೆಯುವ ಮೊದಲು ಬರೆದಿಡಬೇಕು.

ಸುರಂಗದಿಂದ ಹೊರಗೆ ಬಂದಾಗ ಎದುರಿನ ಇಡೀ ಗೋಡೆಯೇ ಮನುಷ್ಯರು. ಮೇಲಿನ ಸಾಲಿನಲ್ಲಿ ಹಾಸಿಗೆಯ ಚಾದರವೊಂದರ ಮೇಲೆ ಬಣ್ಣದಲ್ಲಿ — "ನಮ್ಮ ಅಂಚೆಯವಳು." ಬಾರಿಯೇರಾ ಬೀದಿ.

ಬೆಂಚಿನ ಮೇಲೆ ಕೂತೆ. ಅವರೇ ಮೊದಲು ಹೊಡೆದರು. ಕಾರ್ನರಿನಿಂದ ಬಂದ ಚೆಂಡಿಗೆ ಮಾತಿಲ್ಡೆಯ ಹೆಡ್ಡರ್, ಒಂದು-ಒಂದು. ಡ್ರಾ ಆದರೆ ಎಲ್ಲ ಹೋಯಿತು. ಎಪ್ಪತ್ತು ನಿಮಿಷ ಕಳೆಯಿತು. ಎಪ್ಪತ್ತೈದು. ಇಲೇನಿಯಾ ಗೋಲಿಗೆ ಬೆನ್ನು ಮಾಡಿ ಚೆಂಡು ಹಿಡಿದಳು. ಹಿಂದೆ ಇಬ್ಬರು ನೇತಾಡುತ್ತಿದ್ದರು. ಹೇಗೆ ತಿರುಗಿದಳೋ, ಟಿವಿಯಲ್ಲಿ ಮತ್ತೆ ನೋಡಿದರೂ ತಿಳಿಯದು. ಎರಡು-ಒಂದು. ಓಡಿಹೋಗಿ ಬೇಲಿ ಹತ್ತಿದಳು, ಇಳಿಯಲಾಗದೆ ಸಿಕ್ಕಿಕೊಂಡಳು. ಇಬ್ಬರು ಇಳಿಸಬೇಕಾಯಿತು.

ಅಷ್ಟರಲ್ಲಿ ಮಾತಿಲ್ಡೆ ಕಾಲು ಹಿಡಿದುಕೊಂಡು ಕೂತಳು. ಸೆಳೆತ. ವೆಜ್ಜಾನಿ ನನ್ನ ಕಡೆ ತಿರುಗಿದ.

"ಸಿಟ್ಟು ಇದೆಯಾ?"

"ಇದೆ."

"ಹೋಗು."

ಮೊದಲ ಚೆಂಡು ತಲೆಗೆ ತಾಗಿದಾಗ ಆದ ಸುಖ... ಬರೆಯಲು ಬರುವುದಿಲ್ಲ. ಹತ್ತು ನಿಮಿಷ ಎಲ್ಲವೂ ನನ್ನ ಕಡೆಗೇ ಬಂದ ಹಾಗೆ, ಎಲ್ಲವನ್ನೂ ಒದ್ದು ಕಳಿಸಿದ ಹಾಗೆ. ಹಿಂದಿನಿಂದ ಸಮುಯೆಲಾ, "ಎಡಕ್ಕೆ, ನೀವೆಸ್, ಎಡಕ್ಕೆ ಕಣೆ, ಕಿವುಡಿ," ಎಂದು ಬೈಯುತ್ತಲೇ ಇದ್ದಳು.

ತೊಂಬತ್ತು ಮುಗಿದು ಹೆಚ್ಚುವರಿ ನಿಮಿಷಗಳು. ಅವರ ಫಾರ್ವರ್ಡ್ ನನ್ನನ್ನು ದಾಟಿದಳು. ವೆಜ್ಜಾನಿ ಹೇಳಿದ ಹಾಗೆಯೇ, ನನ್ನ ಕೈಲಾಗಲಿಲ್ಲ. ಮುಂದೆ ಸಮುಯೆಲಾ ಒಬ್ಬಳೇ. ಯೋಚಿಸಿದೆ ಎಂದರೆ ಸುಳ್ಳು. ಅಂಗಿ ಹಿಡಿದೆಳೆದೆ. ಪೆನಾಲ್ಟಿ ಬಾಕ್ಸಿನ ಗೆರೆಯಿಂದ ಒಂದು ಹೆಜ್ಜೆ ಹೊರಗೆ ಇಬ್ಬರೂ ಬಿದ್ದೆವು.

ಕೆಂಪು ಕಾರ್ಡು. ನ್ಯಾಯವೇ. ಆ ಹುಡುಗಿಯನ್ನು ಎತ್ತಿ ನಿಲ್ಲಿಸಿ, "ಕ್ಷಮಿಸು," ಅಂದೆ. "ಪರ್ವಾಗಿಲ್ಲ, ನಾನಾಗಿದ್ರೂ ಹಿಡೀತಿದ್ದೆ," ಅಂದಳು.

ಹೊರಗೆ ನಡೆಯುವಾಗ ಆ ಗೋಡೆ ಎದ್ದು ನಿಂತಿತು. ಇಡೀ ಗೋಡೆ. ಚಪ್ಪಾಳೆ ಎದೆಗೆ ಬಡಿಯುತ್ತಿತ್ತು. ಕಾರ್ಡು ಕಂಡವಳು ಅಲ್ಲಿ ನಿಲ್ಲುವಂತಿಲ್ಲ. ಒಳಗೆ ಹೋಗಿ ಬಟ್ಟೆ ಬದಲಿಸುವ ಕೋಣೆಯಲ್ಲಿ ಒಬ್ಬಳೇ ಕೂತೆ.

ಮೇಲಿನಿಂದ ಸೀಟಿ. ಫ್ರೀ ಕಿಕ್ ಇರಬೇಕು. ಒಂದು ಉಸಿರು ಎಳೆದ ಹಾಗೆ ಸದ್ದು, ಆಮೇಲೆ — ಏನೂ ಇಲ್ಲ. ಪೂರ್ತಿ ಮೌನ. ನಮ್ಮೂರಿನ ಜನ ಹೀಗೆ ಸುಮ್ಮನಾಗುವುದು ಗೋಲು ಬಿದ್ದಾಗ ಮಾತ್ರ. ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡೆ. ಹಾಳು ಮಾಡಿಬಿಟ್ಟೆ, ಅಂದುಕೊಂಡೆ. ಮೌನ ಮುಗಿಯುತ್ತಲೇ ಇರಲಿಲ್ಲ.

ಆಮೇಲೆ ಚಾವಣಿ ಅದುರಿತು.

ಬಾಗಿಲು ತೆರೆದು ಮೊದಲು ಬಂದವಳು ಮಾತಿಲ್ಡೆ, ಒಂದೇ ಕಾಲಲ್ಲಿ ಕುಂಟುತ್ತಾ. ಸಮುಯೆಲಾ ಚೆಂಡನ್ನು ಗೋಲಿನ ಗೆರೆಯ ಮೇಲೆಯೇ ಹಿಡಿದಿದ್ದಳು. ಒಳಗೋ ಹೊರಗೋ ಎಂದು ರೆಫರಿ ಪರದೆಯ ಮುಂದೆ ನಿಂತು ನೋಡುತ್ತಿದ್ದರಂತೆ. ಅದೇ ಆ ಮೌನ.

"ಹೊರಗೆ," ಅಂದಳು ಮಾತಿಲ್ಡೆ. "ಚೆಂಡು ಹೊರಗೇ ಇತ್ತು. ಗೆದ್ವಿ. ಅಳ್ಬೇಡಿ."

"ಅಳ್ತಿಲ್ಲ."

"ಸರಿ, ನಾನು ಅಳ್ತೀನಿ."

ಮೇ 14, ಬುಧವಾರ

ಎರಡು ಸುದ್ದಿ. ಶಿಸ್ತು ಸಮಿತಿಯ ತೀರ್ಪು ಬಂತು — ಒಂದು ಪಂದ್ಯ ನಿಷೇಧ, ಮುಂದಿನ ಋತುವಿನ ಮೊದಲ ಪಂದ್ಯದಲ್ಲಿ ಅನುಭವಿಸತಕ್ಕದ್ದು. ಇನ್ನೊಂದು, ಲಿಗೂರಿಯಾದ ಕಡಲತೀರದ ಊರಿನ ಎರಡನೇ ದರ್ಜೆಯ ತಂಡವೊಂದು ಇಲೇನಿಯಾಳನ್ನು ಕರೆದಿದೆ. ಒಬ್ಬಳೇ ಬರಲ್ಲ, ಮೂವರೂ ಬರುತ್ತೇವೆ ಎಂದುಬಿಟ್ಟಿದ್ದಾಳೆ, ನಮ್ಮನ್ನು ಕೇಳದೆ.

ಮಧ್ಯಾಹ್ನ ಊಟಕ್ಕೆ ಸೇರಿದೆವು.

"ನಾನಿಲ್ಲಪ್ಪ," ಅಂದಳು ಸಮುಯೆಲಾ. "ಕೊನೇ ಚೆಂಡು ಹಿಡಿದಾಯ್ತು. ಅದಕ್ಕಿಂತ ಒಳ್ಳೇದು ಇನ್ನೊಂದು ಬರಲ್ಲ." ವೈನು ಬಗ್ಗಿಸಿಕೊಂಡಳು. ಅಷ್ಟು ನಿರಾಳವಾಗಿ ಅವಳನ್ನು ಎಂದೂ ನೋಡಿರಲಿಲ್ಲ.

ಇಲೇನಿಯಾ ನನ್ನ ಕಡೆ ತಿರುಗಿದಳು. "ನೀನು ಬಿಡಂಗೇ ಇಲ್ಲ. ನೀನು ಆಟ ಬಿಟ್ರೆ ಆ ಶಿಕ್ಷೆ ಯಾರು ಅನುಭವಿಸ್ತಾರೆ? ಕಾನೂನು ಕಣೆ."

ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಮನೆಗೆ ಬಂದಮೇಲೂ ನಗು ನಿಂತಿಲ್ಲ. ಆದರೆ ಈಗ ನಗುವಿನ ಕೆಳಗೆ ಇನ್ನೇನೋ.

ಸಂಜೆ ಆರು

ಕಡಲತೀರದ ಆ ಕ್ಲಬ್ಬಿನ ಅಧ್ಯಕ್ಷೆಯೇ ಫೋನ್ ಮಾಡಿದ್ದರು. ಮೊದಲ ಪಂದ್ಯಕ್ಕೆ ನಾನು ಸಿಗಲ್ಲ, ನಿಷೇಧ ಇದೆ ಅಂದೆ.

"ಗೊತ್ತು, ಟಿವಿಲಿ ನೋಡಿದೆ," ಅಂದರು. "ಎರಡನೇದಕ್ಕೆ?"

ಆ ಊರು ನೋಡಿಬರೋಣವೆಂದು ಕೆಳಗೆ ಬಂದಿರುವ ಇಲೇನಿಯಾ ಕಾರಿನ ಹಾರ್ನಿನಿಂದ ಕೈ ತೆಗೆಯುತ್ತಿಲ್ಲ, ಪಕ್ಕದ ಮನೆಯವರು ಆಗಲೇ ಬೈಯುತ್ತಿದ್ದಾರೆ. ಬಂದೆ ಎಂದು ಕೂಗಿದರೂ ಕೇಳಿಸುತ್ತಿಲ್ಲ. ಬೂಟು ತೊಳೆದು ಎಲ್ಲಿ ಒಣಗಲು ಇಟ್ಟಿದ್ದೆ, ಬಾಲ್ಕನಿಯಲ್ಲೋ ಅಥವಾ —