ಲಕ್ಕವ್ವನ ಗೆರೆ

ಅಂಬಲಪಾಡಿ, ಉಡುಪಿ
ಭಾನುವಾರ, 16 ನವೆಂಬರ್ 2025

ರಾಜಶ್ರೀಯ ಅವ್ವನಿಗೆ,

ಹೇಗಿದ್ದೀಯ? ಮಗಳ ಬಾಣಂತನ ಮಾಡಿ ಮಾಡಿ ನಿನ್ನ ಸೊಂಟ ನೋವು ಹೆಚ್ಚಾಗಿಲ್ಲ ತಾನೆ? ರಾಜಶ್ರೀ ಹೊಟ್ಟೆ ತುಂಬ ಉಣ್ಣುತ್ತಾಳಾ? ಮೊಮ್ಮಗಳು ಸುಮ್ಮನೆ ಮಲಗುತ್ತಾಳೋ, ಇಲ್ಲ ಅಜ್ಜಿಯ ಹಾಗೆ ಮನೆಮಂದಿಯನ್ನೆಲ್ಲ ಎಬ್ಬಿಸುತ್ತಾಳೋ? ನಾನು ಆರಾಮಾಗಿದ್ದೇನೆ. ಮೊಣಕಾಲು ಮೆಟ್ಟಿಲು ಕಂಡಾಗ ಮಾತ್ರ ತಕರಾರು ಮಾಡುತ್ತದೆ. ಫೋನ್ ಬಿಟ್ಟು ಕಾಗದ ಯಾಕೆ ಎಂದು ನಗಬೇಡ. ನಿನ್ನ ಅಣ್ಣ ಫೋನ್ ಎತ್ತಿದ ಕೂಡಲೇ ಸ್ಪೀಕರ್ ಹಾಕುತ್ತಾನೆ, ಓಣಿಯೆಲ್ಲ ಕೇಳುತ್ತದೆ. ಇದು ಓಣಿಗೆ ಹೇಳುವ ಮಾತಲ್ಲ.

ನೀನು ಬಸ್ಸು ಹತ್ತುವಾಗ ಹೇಳಿದ್ದು ದಿನಾ ಕಿವಿಯಲ್ಲಿದೆ: "ಕೆಲಸ ಉಳದ್ರ ನಾ ಬರತೀನಿ, ಹೋದ್ರ ನೀವ ಗಂಟುಮೂಟಿ ಕಟ್ಟಿಕೊಂಡು ಊರಿಗೆ ಬರ್ರಿ. ಈ ಕಾಲಾಗ ಮತ್ತ ಕಟ್ಟಡದ ಕೆಲಸಕ್ಕ ಹೋಗಬ್ಯಾಡ್ರಿ." ನೀನು ಹೆದರಿದ ಯಂತ್ರ ಕಾರ್ಖಾನೆಗೆ ಬಂದೇ ಬಿಟ್ಟಿತು. ಸ್ವಿಚ್ ಜೋಡಿಸುವ ಮೇಜುಗಳಿಗೆ ಸ್ಕ್ರೂ, ಸ್ಪ್ರಿಂಗ್ ಮುಗಿಯುವ ಮೊದಲೇ ತುಂಬಲಿ ಎಂದು ನಾನು ಹಗಲೆಲ್ಲ ಇಣುಕುತ್ತ ತಿರುಗುತ್ತಿದ್ದೆನಲ್ಲ, ಈಗ ಇಣುಕುವ ಕೆಲಸ ಅದರದು. ಒಂದೊಂದು ಸಾಮಾನಿಗೆ ಎರಡೆರಡು ಪೆಟ್ಟಿಗೆ. ಮುಂದಿನದು ಖಾಲಿಯಾದರೆ ಅದನ್ನು ಕೆಳಗಿನ ಹಲಗೆಗೆ ಇಳಿಸಿ ಹಿಂದಿನದನ್ನು ಎಳೆದುಕೊಳ್ಳಬೇಕು. ಹಲಗೆಯೇ ಪೆಟ್ಟಿಗೆಯ ಚೀಟಿ ಓದಿ ಸ್ಟೋರಿನಲ್ಲಿ ಗಂಟೆ ಬಾರಿಸುತ್ತದೆ. ಇದನ್ನು ತಂದವರು ಇಂಜಿನಿಯರ್ ಚೈತಾಲಿ ಮೇಡಂ, ನಮ್ಮ ರಾಜಶ್ರೀಯ ವಯಸ್ಸು. ಗಂಟೆ ಕೇಳಿದಾಗ ಮಾತ್ರ ಹೋಗಿ ತುಂಬಿ ಎಂದು ನನ್ನನ್ನು ಸ್ಟೋರಿನಲ್ಲಿ ಸ್ಟೂಲ್ ಮೇಲೆ ಕೂರಿಸಿದರು. ಹದಿನೈದು ದಿನ ನೋಡಿ ಆಮೇಲೆ ನಿಮ್ಮ ಕೆಲಸದ ವಿಷಯ ಹೇಳುತ್ತೇನೆ ಎಂದರು ಸೂಪರ್‌ವೈಸರ್ ಯೋಗೀಶ್. ಕೂತವನಿಗೆ ಯಾರು ಸಂಬಳ ಕೊಡುತ್ತಾರೆ? ನಿಜ ಹೇಳುತ್ತೇನೆ, ನನಗೆ ಬಹಳ ಭಯವಾಯಿತು.

ಆದರೆ ಗಂಟೆ ಬಾರಿಸಲೇ ಇಲ್ಲ. ಮೊದಲ ದಿನ ಹನ್ನೊಂದಕ್ಕೆಲ್ಲ ಎರಡು ಮೇಜು ಸ್ಪ್ರಿಂಗ್ ಇಲ್ಲದೆ ನಿಂತವು, ಮರುದಿನ ಐದು. ಮೇಡಂ ಹಲಗೆ ಬಿಚ್ಚಿದರು, ವೈರ್ ನೋಡಿದರು, ಎಲ್ಲ ಸರಿ ಇತ್ತು. ಕೊನೆಗೆ ಯೋಗೀಶ್ ನನ್ನ ಹತ್ತಿರ ಬಂದು, "ಈಶಪ್ಪಣ್ಣ, ನೀವು ಎಂತ ಮಾಡಿದ್ದು? ಚೀಟಿ ಗೀಟಿ ಕಿತ್ತದ್ದುಂಟಾ?" ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಸಿಟ್ಟು ನೆತ್ತಿಗೇರಿ, ಸ್ಟೂಲ್ ಬಿಟ್ಟೆದ್ದು ಹಳೆಯ ಹಾಗೆ ಇಣುಕಲು ಹೋದೆ.

ಮೊದಲ ಮೇಜಿನ ಸುಗಂಧಿ ಕೈಕಟ್ಟಿ ಕೂತಿದ್ದಳು. ಎರಡು ಪೆಟ್ಟಿಗೆಯೂ ಮೇಲೆಯೇ ಇದ್ದವು, ಎರಡರ ತಳದಲ್ಲೂ ಒಂದೊಂದು ಹಿಡಿ ಸ್ಪ್ರಿಂಗ್. ಕೇಳಿದರೆ, "ಪೂರ್ತಿ ಬರಿದು ಮಾಡ್ಲಿಕ್ಕೆ ಮನಸ್ಸು ಬರೋದಿಲ್ಲ ಈಶಪ್ಪಣ್ಣ. ಅನ್ನ ಕೊಡುವ ಪೆಟ್ಟಿಗೆ ಅಲ್ವಾ?" ಎಂದಳು. ಪಕ್ಕದ ಮೇಜಿನ ನಮ್ಮ ಕಡೆಯ ದ್ರಾಕ್ಷಾಯಿಣಿಯದೂ ಅದೇ ಕಥೆ. ಆಗ ನೀನು ನೆನಪಾದೆ. ಮದುವೆಯಾದ ವರ್ಷ ನಾನು ಜೋಳದ ಡಬ್ಬಿ ಬೋರಲು ಹಾಕಿ ಬಡಿಯುತ್ತಿದ್ದಾಗ ಕಸಿದುಕೊಂಡು ಬೈದಿದ್ದೆಯಲ್ಲ, "ಡಬ್ಬಿ ಬರಿದು ಮಾಡಬಾರದ್ರಿ! ಒಂದ್ ಹಿಡಿ ಇದ್ರ ಅದರ ಬೆನ್ನಿಗೆ ಚೀಲ ಬರತೈತಿ!" ಇಷ್ಟು ವರ್ಷ ನಾನು ಆ ಹಿಡಿಯ ಮೇಲೆಯೇ ಸುರಿಯುತ್ತಿದ್ದೆ, ಯಾರಿಗೂ ಗೊತ್ತಾಗಲಿಲ್ಲ. ಯಂತ್ರ ಖಾಲಿ ಪೆಟ್ಟಿಗೆಗಾಗಿ ಕಾಯುತ್ತದೆ, ನಮ್ಮ ಹೆಂಗಸರು ಖಾಲಿ ಮಾಡುವುದಿಲ್ಲ.

ವಿಷಯ ಹೇಳಿದಾಗ ಚೈತಾಲಿ ಮೇಡಂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಪೂರ್ತಿ ಖಾಲಿ ಮಾಡಿ ಎಂದು ಬೋರ್ಡ್ ಹಾಕಿಸುತ್ತೇನೆ ಎಂದರು. ಬೇಡ ಮೇಡಂ, ಬೋರ್ಡ್ ಓದಿ ಕೈ ಬದಲಾಗುವುದಿಲ್ಲ, ಹಿಡಿ ಇದ್ದ ಹಾಗೆಯೇ ಪೆಟ್ಟಿಗೆ ಇಳಿಸಲಿ, ಒಳಗೊಂದು ಕೆಂಪು ಗೆರೆ ಹಾಕೋಣ ಎಂದೆ. ಹಿಡಿ ಎಂದರೆ ಯಾರ ಹಿಡಿ? ನನ್ನ ಗಾರೆ ಕೈಯಲ್ಲಿ ಅಳೆದರೆ ಅರ್ಧ ಪೆಟ್ಟಿಗೆಯೇ ಬರುತ್ತದೆ. ನಿನ್ನ ಹಿಡಿ ಎಷ್ಟೆಂದು ಇಪ್ಪತ್ತೇಳು ವರ್ಷ ರೊಟ್ಟಿ ತಿಂದವನಿಗೆ ಗೊತ್ತಿಲ್ಲವೇ? ಅಷ್ಟಕ್ಕೇ ಬಣ್ಣ ಬಳಿದೆ. ಗೆರೆಗೆ ಏನು ಹೆಸರು ಬರೆಯಲಿ ಎಂದು ಮೇಡಂ ಕೇಳಿದರು, ನನ್ನ ಬಾಯಿಂದ ನಿನ್ನ ಹೆಸರು ಬಂದುಬಿಟ್ಟಿತು. ಹಿರಿಯರೆದುರು ನಾಚಿಕೊಂಡು ಒಮ್ಮೆಯೂ ನಿನ್ನ ಹೆಸರು ಹಿಡಿದು ಕರೆಯದವನು ನಾನು, ಆ ನಾಚಿಕೆಯೇ ರೂಢಿಯಾಯಿತು. ಈಗ ನೋಡು, ಸುಗಂಧಿ ದಿನಕ್ಕೆ ಹತ್ತು ಸಲ, "ಲಕ್ಕವ್ವನ ಗೆರೆ ಬಂತು, ಇಳಿಸಿ ಮಾರಾಯ್ರೆ!" ಎಂದು ಕೂಗುತ್ತಾಳೆ. ಪ್ರತಿ ಸಲವೂ ನಾನು ತಿರುಗಿ ನೋಡುತ್ತೇನೆ.

ರಾಜಶ್ರೀಗೂ ಕೂಸಿಗೂ ನನ್ನ ಆಶೀರ್ವಾದ. ನಿನ್ನ ಅಣ್ಣನಿಗೂ ಅವನ ಸ್ಪೀಕರಿಗೂ ನಮಸ್ಕಾರ. ಸೊಂಟಕ್ಕೆ ಎಣ್ಣೆ ಹಚ್ಚಿಸಿಕೊ.

ಇಂತಿ,
ರಾಜಶ್ರೀಯ ಅಪ್ಪ
ಈಶಪ್ಪ

ತಾ.ಕ.: ಅಂಟಿಸಿದ ಲಕೋಟೆ ಮತ್ತೆ ಬಿಚ್ಚಿದೆ, ಮುಖ್ಯ ಮಾತೇ ಮರೆತಿದ್ದೆ. ಕೆಲಸ ಉಳಿಯಿತು. ಗೆರೆ ಹಾಕಿದ ಮೇಲೆ ಒಂದು ಮೇಜೂ ನಿಂತಿಲ್ಲ. ಗಂಟೆ ಬಾರಿಸಿದರೆ ತುಂಬಲು ನಾನೇ ಬೇಕು ಎಂದು ನಿನ್ನೆ ಯೋಗೀಶ್ ಹೇಳಿದರು, ಚೀಟಿಯ ಮಾತಿಗೆ ತಪ್ಪಾಯಿತು ಎಂದೂ ಅಂದರು. ಆದ್ದರಿಂದ ಕೂಸಿಗೆ ಮೂರು ತಿಂಗಳು ತುಂಬಿದ ಮೇಲೆ ಗಂಟುಮೂಟಿ ಕಟ್ಟಬೇಕಾದವಳು ನೀನು. ಮನೆಯ ಜೋಳದ ಡಬ್ಬಿ ಗೆರೆಗೆ ಬಂದು ಎಂಟು ದಿನವಾಯಿತು. ಆ ಒಂದು ಹಿಡಿ ಮುಟ್ಟಿಲ್ಲ. ಲಕ್ಕವ್ವಾ, ಬಾ.