ಕೊಲ್ಹಾಪುರಕ್ಕೆ ಹೋಗಿ ಬಂದ ಕ್ಯಾಮ್‌ಶಾಫ್ಟ್

ಗೋಕಾಕ
೧೪ ಜುಲೈ ೨೦೨೫, ಸೋಮವಾರ

ಪ್ರೀತಿಯ ಶೈಲಕ್ಕನಿಗೆ,

ಇಲ್ಲಿ ಎಲ್ಲರೂ ಉಂಡು ತಿಂದು ಚೆನ್ನಾಗಿದ್ದೇವೆ, ನನ್ನ ಮೂಗೊಂದನ್ನು ಬಿಟ್ಟು. ಅದರ ಕಥೆ ಮುಂದೆ ಬರುತ್ತದೆ. ಮೊದಲು ತಡವಾದದ್ದಕ್ಕೆ ನಿನ್ನ ಕೈಯಲ್ಲಿ ಬೈಸಿಕೊಳ್ಳುತ್ತೇನೆ. ಮದುವೆಯಾಗಿ ಹೊರಟ ದಿನ ನೀನು ಕಾರಿನ ಕಿಟಕಿಯಲ್ಲಿ ತಲೆ ತೂರಿಸಿ, “ಫೋನಿನ್ಯಾಗ ಬರೇ ಹಾರ್ಟ್ ಕಳಸಬ್ಯಾಡ. ಎರಡ ಪುಟ ಕನ್ನಡದಾಗ ಬರಿ. ಇಂಗ್ಲಿಷ್ ಸಾಲ್ಯಾಗ ಕಲ್ತಾಕಿ ಬರೀತಿಯೋ ಇಲ್ಲೋ ನೋಡೂಣು” ಅಂದಿದ್ದೆ. ಆಗಿನಿಂದ ಮನಸ್ಸಿನಲ್ಲಿ ದಿನಾ ಬರೆಯುತ್ತಿದ್ದೆ, ಕಾಗದದ ಮೇಲೆ ಇವತ್ತು ಇಳಿಸುತ್ತಿದ್ದೇನೆ. ಅಲ್ಲದೆ, ಈ ಮನೆಯಲ್ಲಿ ಫೋನು ಹಿಡಿದರೆ ಗೋಡೆಗೆಲ್ಲ ಕೇಳಿಸುತ್ತದೆ. ನಾನು ಫೋನು ಇಟ್ಟ ಮೇಲೆ ಅತ್ತೆ “ಶೈಲಾ ಏನಂದ್ಲವಾ?” ಎಂದು ಕೇಳುತ್ತಾರೆ. ನೀನು ಏನಂದೆ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಒಳ್ಳೆಯ ಸುದ್ದಿ ಮೊದಲು ಹೇಳಿಬಿಡುತ್ತೇನೆ. ದುಂಡೇಶ್ ನನ್ನನ್ನು ಹೂವಿನ ಹಾಗೆ ನೋಡಿಕೊಳ್ಳುತ್ತಾರೆ. ಬೆಳಿಗ್ಗೆ ಚಹಾ ಅವರೇ ಮಾಡಿ ತರುತ್ತಾರೆ, ಅದೂ ಅವರ ಅವ್ವನ ಎದುರಿಗೇ. ತಮ್ಮ ನೀರಿನ ಪಂಪಿನ ಅಂಗಡಿ ಮುಚ್ಚಿ ಬರುವಾಗ ಮಲ್ಲಿಗೆ ಮಾಲೆ ತರುತ್ತಾರೆ. ನಾನು ಸುಮ್ಮಸುಮ್ಮನೆ ನಗುತ್ತಿರುತ್ತೇನೆ, ಪಾತ್ರೆ ತೊಳೆಯುವಾಗ, ದಾರಿಯಲ್ಲಿ, ಅರಭಾವಿಯ ಕಾಲೇಜಿನ ಲ್ಯಾಬಿನಲ್ಲಿ ಎಲೆ ಕತ್ತರಿಸುವಾಗ ಕೂಡ. ಮದುವೆಯೆಂದರೆ ಇಷ್ಟು ಚಂದ ಇರುತ್ತದೆ ಎಂದು ಯಾರೂ ನನಗೆ ಸರಿಯಾಗಿ ಹೇಳಿರಲಿಲ್ಲ. ಆದರೆ ಈಗ ಆ ಮಲ್ಲಿಗೆಯೂ ಗ್ರೀಸು ನಾರುತ್ತದೆ. ಮುಡಿದುಕೊಂಡರೆ ತಲೆಯ ಮೇಲೆ ಗ್ಯಾರೇಜು ಹೊತ್ತಂತೆ.

ನಮ್ಮ ಎಸ್ಟೀಮ್ ಕಾರಿನ ಸುದ್ದಿ ಇದು. ಅಪ್ಪ ಮದುವೆಯ ದಿನ ಅದರ ಕೀಲಿಯನ್ನು ಅಳಿಯನ ಕೈಗೆ ಕೊಡದೆ ನನ್ನ ಕೈಗೆ ಕೊಟ್ಟದ್ದು ನಿನಗೆ ನೆನಪಿದೆ. “ಗಂಡಮಕ್ಕಳಿಲ್ಲದ ಮನಿ ನಮ್ಮದು. ಹಬ್ಬಕ್ಕ ಕರ್ಯಾಕ ಅಣ್ಣ ಬರ್ತಾನ ಅಂತ ದಾರಿ ನೋಡಬ್ಯಾಡ. ಮನಸ್ಸಾದಾಗ ಗಾಡಿ ಚಾಲೂ ಮಾಡು, ನಮ್ಮೂರ ದಡ್ಡಿಗೆ ಬಾ” ಅಂದರು. ಆಮೇಲೆ ಕಣ್ಣೊರೆಸಿಕೊಳ್ಳಲು ಹಿಂದಕ್ಕೆ ತಿರುಗಿದರು. ನಾನು ಮೊದಲ ತಿಂಗಳು ಹಾಗೆಯೇ ಇದ್ದೆ. ಬೆಳಿಗ್ಗೆ ನಾನೇ ಅರಭಾವಿಗೆ ಓಡಿಸಿಕೊಂಡು ಹೋಗುತ್ತಿದ್ದೆ. ಭಾನುವಾರ ಇವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರು ಸುತ್ತಿಸುತ್ತಿದ್ದೆ. ಒಮ್ಮೆ ಅತ್ತೆ ಮಾತ್ರ, “ಗಂಡ ಬಾಜೂ ಕುಂತು ಹೆಂಡ್ತಿ ಗಾಡಿ ಹೊಡದ್ರ, ನಿನ್ನ ಮಗಗ ಕಣ್ಣ ಕಾಣೂದಿಲ್ಲೇನ ಕೆಂಪವ್ವಾ ಅಂತ ಓಣಿ ಮಂದಿ ನನ್ನ ಕೇಳ್ತಾರ” ಅಂದರು. ಇವರು “ಕೇಳಿದ್ರ ಕೇಳವಲ್ರ್ಯಾಕ” ಎಂದು ನಕ್ಕರು. ನನಗೆ ಆಗ ಅವರ ಮೇಲೆ ಎಷ್ಟು ಪ್ರೀತಿ ಬಂತೆಂದರೆ ಬರೆಯಲು ನಾಚಿಕೆ.

ಅದಾದ ಮೇಲೆ ಕಾರಿಗೆ ವಯಸ್ಸಾಯಿತು, ಏರಿಗೆ ಎಳೆಯುವುದಿಲ್ಲ, ಕ್ಯಾಮ್‌ಶಾಫ್ಟ್ ಬದಲಾಯಿಸೋಣ ಎಂಬ ಹುಚ್ಚು ಇವರಿಗೆ ಹತ್ತಿತು. ಕ್ಯಾಮ್‌ಶಾಫ್ಟ್ ಎಂದರೆ ಎಂಜಿನ್ನಿನ ತಲೆಯೊಳಗೆ ತಿರುಗುವ ಒಂದು ಕಬ್ಬಿಣದ ದಂಡ. ಅದರ ಮೇಲೆ ಸಾಲಾಗಿ ಉಬ್ಬುಗಳಿರುತ್ತವೆ. ದಂಡ ತಿರುಗಿದಂತೆ ಆ ಉಬ್ಬುಗಳು ಎಂಜಿನ್ನಿನ ಸಣ್ಣ ಸಣ್ಣ ಬಾಗಿಲುಗಳನ್ನು ಒತ್ತಿ ತೆರೆಯುತ್ತವೆ, ಅಲ್ಲಿಂದ ಅದು ಉಸಿರಾಡುತ್ತದೆ. ಉಬ್ಬು ದೊಡ್ಡದಾದರೆ ಬಾಗಿಲು ಹೆಚ್ಚು ಹೊತ್ತು ತೆರೆದಿರುತ್ತದೆ, ವೇಗದಲ್ಲಿ ಕಾರಿಗೆ ಬಲ ಬರುತ್ತದೆ. ನಾನು ಇದನ್ನೆಲ್ಲ ಅತ್ತೆಗೆ ತಿಳಿಸಿ ಹೇಳಲು ಹೋಗಿ, “ಉಬ್ಬು ಮೊಟ್ಟಿ ಆಕಾರ ಇರ್ತಾವ್ರಿ” ಎಂದೆ. “ಅಡಗಿ ಮನ್ಯಾಗ ಆ ಹೆಸರ ತಗೀಬ್ಯಾಡ” ಎಂದು ಗದರಿದರು.

ಆ ಹೆಸರು ಹೇಳಬಾರದ ಅಡುಗೆಮನೆಯಲ್ಲಿ ಆಮೇಲೆ ಏನೇನಾಯಿತು ಕೇಳು. ಹೊರಗೆ ಜಿಟಿಜಿಟಿ ಮಳೆ. ಎಂಜಿನ್ನಿನ ತಲೆಯನ್ನು ಬಿಚ್ಚಿ ಇವರೂ ಸದಾಶಿವನೂ ಒಳಗೇ ಹೊತ್ತು ತಂದರು. ಸದಾಶಿವ ಇವರ ಸಾಲಿ ಗೆಳೆಯ, ಮೂಡಲಗಿಯಲ್ಲಿ ಗ್ಯಾರೇಜು ಇಟ್ಟಿದ್ದಾನೆ. ನಾನು ಬಿಸಿ ರೊಟ್ಟಿ ಹಾಕುವ ಜಾಗದಲ್ಲಿ ಆ ತಲೆಯನ್ನು ಅಂಗಾತ ಮಲಗಿಸಿದರು. ಮುಚ್ಚಳ ತೆಗೆದಾಗ ಒಳಗೆ ತಳ ಹತ್ತಿದ ಬೆಲ್ಲದ ಪಾಕದಂಥ ಕಪ್ಪು ಜಿಡ್ಡು. ಅಕ್ಕ, ಅದು ಹರಿಯುವುದೂ ಇಲ್ಲ, ನಿಲ್ಲುವುದೂ ಇಲ್ಲ, ಸುಮ್ಮನೆ ಇಳಿಬೀಳುತ್ತದೆ. ಅದರ ವಾಸನೆಗೆ ನನಗೆ ಓಕರಿಕೆ ಬಂತು. ಹಿತ್ತಲಿಗೆ ಓಡಿದೆ. ನಾನು ಓಡಿದ್ದನ್ನು ಕಂಡು ಪಕ್ಕದ ಮನೆಯ ಹನಮವ್ವ ಕಾಂಪೌಂಡಿನ ಮೇಲಿಂದ, “ಸಿಹಿ ಸುದ್ದಿ ಏನ ಕೆಂಪಕ್ಕಾ?” ಎಂದು ಕೂಗಿದಳು. ಅತ್ತೆ ಒಳಗಿನಿಂದ, “ಇಲ್ಲವಾ, ಎಂಜಿನ್ ಬಿಚ್ಚ್ಯಾರ” ಅಂದರು.

ಆ ವಾರವಿಡೀ ಹೊಲಸೋ ಹೊಲಸು. ನೀನು ಕೊಡಿಸಿದ ಹೊಸ ಪರಾತದಲ್ಲಿ ಸೀಮೆಎಣ್ಣೆ ಸುರಿದು ನಟ್ಟು ಬೋಲ್ಟುಗಳನ್ನು ನೆನೆಹಾಕಿದರು. ಹೋಳಿಗೆಯ ಹಿಟ್ಟು ನಾದುವ ಪರಾತ ಅದು. ಬಚ್ಚಲಿನಲ್ಲಿ ನನ್ನ ಹಲ್ಲುಜ್ಜುವ ಬ್ರಶ್ ಕಾಣಲಿಲ್ಲ. ಹುಡುಕಿದರೆ ಇವರು ಅದರಿಂದ ವಾಲ್ವುಗಳ ಕಿಟ್ಟ ತಿಕ್ಕುತ್ತ ಕೂತಿದ್ದಾರೆ. “ನಿನಗ ಹೊಸಾದ ತರ್ತೇನಲ್ಲ. ನೋಡ, ಎಷ್ಟ ಬೆಳ್ಳಗ ಆತು” ಎಂದು ನನಗೇ ತೋರಿಸಿದರು. ಝುಣಕದಲ್ಲಿ ಸೀಮೆಎಣ್ಣೆ, ಮೊಸರಿನಲ್ಲಿ ಸೀಮೆಎಣ್ಣೆ. ರೊಟ್ಟಿಯ ಮೇಲೆ ಅವರ ಹೆಬ್ಬೆಟ್ಟಿನ ಕಪ್ಪು ಗುರುತು, ಅದನ್ನು ಹರಿದು ಪಕ್ಕಕ್ಕಿಟ್ಟು ಉಳಿದದ್ದನ್ನು ತಿಂದೆ. ರಾತ್ರಿಯ ಹಾಸಿಗೆಯ ವಿಷಯ ಬರೆಯುವುದಿಲ್ಲ, ನೀನು ದೊಡ್ಡವಳು. ದಿಂಬಿನ ಕವರನ್ನು ಸೋಡಾದಲ್ಲಿ ಕುದಿಸಿದೆ ಎಂದಷ್ಟೇ ತಿಳಿ.

ಅತ್ತೆ ಮಗನನ್ನು ಬೈಯಲಿಲ್ಲ. ನಾನು ಚಪ್ಪಲಿ ಹಾಕಿಕೊಂಡು ಅಂಗಳದ ನೀರು ದಾಟಿ ಬಂದರೆ ಮೂರು ದಿನ ಅದನ್ನೇ ಎತ್ತಿ ಆಡುವವರು, “ಗಂಡಸರ ಕೆಲಸ, ಅದಕ್ಯಾಕ ಮಾರಿ ಕಿವಚತಿ” ಎಂದು ನನಗೇ ಹೇಳಿದರು.

ಶಾಫ್ಟನ್ನು ಕೊಲ್ಹಾಪುರಕ್ಕೆ ಕಳಿಸಿದರು. ಹೊಸದನ್ನು ತರುವುದಿಲ್ಲ, ಇದ್ದದ್ದನ್ನೇ ಸಾಣೆಗೆ ಹಿಡಿದು, ಉಬ್ಬಿನ ಬುಡದ ಕಬ್ಬಿಣವನ್ನು ಸವೆಸಿ, ಉಬ್ಬು ಎತ್ತರ ಕಾಣುವಂತೆ ಮಾಡುತ್ತಾರೆ. ತಿರುಗಿ ಬಂದಾಗ ಮಿರಿಮಿರಿ ಮಿಂಚುತ್ತಿತ್ತು. ಅತ್ತೆ ಅದನ್ನು ಜಗಲಿಯ ಮೇಲಿಟ್ಟು, ಪ್ರತಿ ಉಬ್ಬಿಗೂ ಮೂರು ಬೆರಳಿನಿಂದ ವಿಭೂತಿ ಎಳೆದು, ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿದರು. ಅಷ್ಟರಲ್ಲಿ ಸದಾಶಿವ ಬಂದು ಎದೆ ಹಿಡಿದುಕೊಂಡ.

“ಕಾಕು, ಇದೇನ ಮಾಡಿದ್ರಿ? ಒಳಗ ಪುಡಿ ಹೋದ್ರ ತಿಂದ ಹಾಕತೈತ್ರಿ ಎಂಜಿನ್ನ.”

“ವಿಭೂತಿ ಒರಸ್ತಿಯೇನೋ? ಒರಸ ನೋಡೂಣು.”

“ಕಾಕು, ಮುಚ್ಚಳದ ಮ್ಯಾಲ ನಾನ ಬೇಕಾದಷ್ಟ ಹಚ್ಚತೇನ್ರಿ. ಕಾಲ ಬೀಳ್ತೇನಿ, ಇದನ್ನ ತೊಳಿಯಾಕ ಕೊಡ್ರಿ.”

ಹಾಗೆ ಸಂಧಾನವಾಯಿತು. ಈಗ ನಮ್ಮ ಎಂಜಿನ್ನಿನ ಮುಚ್ಚಳದ ಮೇಲೆ ಅಂಗೈ ಅಗಲದ ವಿಭೂತಿ ಇದೆ, ಅದಕ್ಕೆ ಎಣ್ಣೆ ಹತ್ತಿ ಕೆಸರಾಗಿದೆ.

ಜೋಡಿಸಿದ ಮೇಲೆ, ಸಾಣೆ ಹಿಡಿದ ಶಾಫ್ಟು ಹೊಂದಿಕೊಳ್ಳಬೇಕೆಂದು, ಅಂಗಳದಲ್ಲಿ ನಿಲ್ಲಿಸಿಕೊಂಡೇ ಎಂಜಿನ್ನನ್ನು ಜೋರಾಗಿ ಓಡಿಸಿದರು. ಹೊಗೆ ಒಳಗೆ ನುಗ್ಗಿ, ಒಣಗಲು ಹಾಕಿದ ಸೀರೆಗಳನ್ನೆಲ್ಲ ಮತ್ತೆ ಒಗೆದೆ. ಈಗಲೂ ಕಾರು ನಿಂತಲ್ಲಿ ಅರ್ಧ ಸುಟ್ಟ ಪೆಟ್ರೋಲು ನಾರುತ್ತದೆ, ಗುಡುಗುಡು ಕೆಮ್ಮುತ್ತದೆ. ಇವರು ಮಾತ್ರ ಮೂಡಲಗಿ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದು, “ಹುಲಿ ಆಗೇತಿ ದಾಕ್ಷಾ, ಹುಲಿ” ಎಂದು ನನ್ನ ಗಲ್ಲ ಹಿಂಡಿದರು. ಕೈ ತೊಳೆದಿರಲಿಲ್ಲ.

ಮರುದಿನ ನಾನು ಎಂದಿನಂತೆ ಅರಭಾವಿಗೆ ಹೊರಟೆ. ಗೋಕಾಕ ಬಸ್ ಸ್ಟ್ಯಾಂಡಿನ ಎದುರು ನಿಧಾನ ಮಾಡಿದೆ, ಬಂದ್ ಬಿತ್ತು. ಚಾಲೂ ಮಾಡಿದೆ, ಹಂಪ್ ಬಂತು, ಮತ್ತೆ ಬಂದ್. ಹಿಂದಿನ ಬಸ್ಸಿನವನು ಹಾರ್ನು ಒತ್ತಿ ಹಿಡಿದ. ಕ್ಲಚ್ ಅರ್ಧ ಒತ್ತಿ, ಆಕ್ಸಿಲರೇಟರ್ ಜೋರು ತುಳಿದರೆ ಕಾರು ಎಗರಿ ಮುಂದಿನ ಹಣ್ಣಿನ ಗಾಡಿಗೆ ಬಡಿಯುವುದೊಂದು ಉಳಿಯಿತು. ಅಪ್ಪ ಕಲಿಸಿದ ಯಾವ ಪಾಠವೂ ನಡೆಯಲಿಲ್ಲ. ಕಾಲೇಜಿನ ಗೇಟಿನಲ್ಲಿ ನಿಂತೇ ಹೋಯಿತು. ವಿದ್ಯಾರ್ಥಿಗಳು ನೂಕಿ ಒಳಗೆ ತಂದರು. “ಮೇಡಮ್, ನಾಳೆ ಟ್ರ್ಯಾಕ್ಟರ್ ತರೂಣೇನ್ರಿ, ಕಟ್ಟಿ ಎಳ್ಯಾಕ?” ಎಂದು ಒಬ್ಬ ಕೇಳಿದ. ಕೆಲವು ದಿನ ಹಟದಿಂದ ಪ್ರಯತ್ನಿಸಿದೆ. ಒಂದು ದಿನ ಹುಕ್ಕೇರಿಯ ದಾರಿ ಹಿಡಿದು ದಡ್ಡಿಗೆ ನಿಮ್ಮ ಹತ್ತಿರ ಬರೋಣವೆಂದು ಹೊರಟೆ, ಘಟಪ್ರಭಾ ದಾಟಲಾಗಲಿಲ್ಲ. ಹಿಂದಿರುಗಿದೆ. ನಿಮಗೆ ಹೇಳಲಿಲ್ಲ.

ಹಳೆಯದನ್ನೇ ಹಾಕಿಸಿ ಅಂದೆ. ಇವರು ಕೈ ಹಿಡಿದುಕೊಂಡು, “ಹಳೇದ ಎಲ್ಲಿಂದ ತರ್ಲಿ? ಅದನ್ನ ಸಾಣಿ ಹಿಡಿಸೇವಲ್ಲ. ಹೋದ ಕಬ್ಬಣ ತಿರಗಿ ಹತ್ತೂದಿಲ್ಲ. ನೀ ಯಾಕ ತ್ರಾಸ ತಗೋತಿ, ಅದರ ಹದ ನನಗ ಗೊತ್ತೈತಿ, ದಿನಾ ನಾ ಬಿಡ್ತೇನಿ, ನಾ ಕರ್ಕೊಂಡ ಬರ್ತೇನಿ” ಅಂದರು. ಅಂಗಡಿ ತೆರೆಯುವ ಮೊದಲು ಬಿಡುತ್ತಾರೆ, ಆಗ ಕಾಲೇಜಿನಲ್ಲಿ ಕಸ ಗುಡಿಸುವವರೂ ಬಂದಿರುವುದಿಲ್ಲ. ಅಂಗಡಿ ಮುಚ್ಚಿದ ಮೇಲೆ ಬರುತ್ತಾರೆ, ಆಗ ಗೇಟಿನಲ್ಲಿ ನಾನೊಬ್ಬಳೇ ಇರುತ್ತೇನೆ. ಅತ್ತೆ ಓಣಿಯಲ್ಲಿ, “ನನ್ನ ಮಗಾ ಹೆಂಡ್ತೀನ ನೆಲಕ್ಕ ಕಾಲ ಇಡಗೊಡೂದಿಲ್ಲ” ಎಂದು ಹೇಳಿಕೊಂಡು ಬರುತ್ತಾರೆ. ಎಲ್ಲರೂ ನನಗೆ ಅದೃಷ್ಟವಂತೆ ಅನ್ನುತ್ತಾರೆ. ನಾನೂ ಹೌದೆಂದು ತಲೆಯಾಡಿಸುತ್ತೇನೆ.

ಇನ್ನು ಬೇರೆ ಸುದ್ದಿ. ಅತ್ತೆಗೆ ಮಂಡಿ ನೋವು ಕಡಿಮೆಯಾಗಿದೆ. ನಾನು ಶೇಂಗಾ ಹೋಳಿಗೆ ಹರಿಯದಂತೆ ಮಾಡಲು ಕಲಿತೆ, ಬೇರೆ ಪರಾತದಲ್ಲಿ. ನಿನ್ನ ಸಾಲಿಯ ಮಕ್ಕಳ ಪರೀಕ್ಷೆ ಮುಗಿಯಿತೇ? ಅಪ್ಪನಿಗೆ ನನ್ನ ಶರಣು ಹೇಳು, ಮಳೆಯಲ್ಲಿ ಹೊಲಕ್ಕೆ ಹೋಗಬೇಡವೆಂದು ನಾನು ಬೈದೆ ಅಂತಲೂ ಹೇಳು. ಅವ್ವನ ಕೈಯ ಅಂಟಿನುಂಡಿ ತಿನ್ನಬೇಕೆನಿಸಿದೆ. ನಿನ್ನ ಕೈ ನನ್ನ ತಲೆಯ ಮೇಲಿರಲಿ, ಅಲ್ಲಿಂದಲೇ ಒಮ್ಮೆ ಸವರು. ನೀವೆಲ್ಲ ತಣ್ಣಗಿರಿ.

ನಿನ್ನ ತಂಗಿ,
ದಾಕ್ಷಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಹರಿದು ಮತ್ತೆ ಬರೆಯುತ್ತಿದ್ದೇನೆ. ಮೇಲೆ ಬರೆದದ್ದೆಲ್ಲ ಎಣ್ಣೆಯ ಹೇಸಿಗೆ, ಸಾಬೂನಿಗೆ ಹೋಗುತ್ತದೆ.

ಶನಿವಾರ ಕಾಲೇಜಿನಿಂದ ನಾನೊಬ್ಬಳೇ ಬಸ್ಸು ಹತ್ತಿ ಮೂಡಲಗಿಗೆ ಹೋಗಿದ್ದೆ. ಎಲ್ಲಿಯಾದರೂ ಗುಜರಿಯಲ್ಲಿ ಬೇರೆ ಶಾಫ್ಟು ಸಿಗುತ್ತದೆಯೇ ಎಂದು ಸದಾಶಿವನನ್ನು ಕೇಳಲು. ಅವನು ಸ್ಟೂಲು ಒರೆಸಿ ಕೊಟ್ಟು, ನನ್ನ ಮುಖ ನೋಡದೆ ಹೇಳಿದ. “ವೈನಿ, ನನ್ನ ಬೈಬ್ಯಾಡ್ರಿ. ಕೊಲ್ಹಾಪುರದಾಂವ ಎರಡ ನಮೂನಿ ಹೇಳಿದ್ದ. ಒಂದ ಸಣ್ಣ ಉಬ್ಬಿಂದು. ಏರಿಗೂ ಎಳೀತಿತ್ತು, ಊರಾಗೂ ನೀವು ಆರಾಮ ಹೊಡೀತಿದ್ರಿ. ದೊಡ್ಡದಾದ್ರ ನಿಧಾನಕ್ಕ ಹೋಗುವಾಗ ಬಂದ್ ಬೀಳತೈತಿ, ಸಣ್ಣದನ್ನ ಮಾಡಸೂಣ ಅಂದೆ. ದುಂಡ್ಯಾ ಒಪ್ಪಲಿಲ್ರಿ. ‘ದೊಡ್ಡದ ಮಾಡಸು, ಅಕಿ ಕೈಯಾಗ ಓಡಬಾರದು. ಅವ್ವನ ಮಾತೂ ನಡೀತೈತಿ, ನಾ ಬ್ಯಾಡ ಅಂದಂಗೂ ಆಗೂದಿಲ್ಲ’ ಅಂದ. ನಕ್ಕೋತ ಅಂದ್ರಿ. ನಾ ಚ್ಯಾಷ್ಟಿ ಅಂತ ತಿಳಕೊಂಡೆ.”

ಅಕ್ಕ, ಬೇಡ ಅಂದಿದ್ದರೆ ನಾನು ಜಗಳವಾಡುತ್ತಿದ್ದೆ, ಅಳುತ್ತಿದ್ದೆ, ಬಹುಶಃ ಕೊನೆಗೆ ನಾನೇ ಸೋಲುತ್ತಿದ್ದೆ. ಜಗಳವನ್ನೂ ಅವನು ನನಗೆ ಕೊಡಲಿಲ್ಲ. ನನ್ನ ಕಣ್ಣೆದುರಿಗೆ ಕೂತು, ಒಂದೊಂದೇ ವಾಲ್ವು ತಿಕ್ಕಿ ತೊಳೆದು, ನನಗೆ ಚಹಾ ತಂದುಕೊಟ್ಟು, ನಾನು ಅಪ್ಪನ ಮನೆಗೆ ಬರುವ ದಾರಿಯನ್ನು ಸವೆಸಿ ಹಾಕಿದ. ಈಗ ಅವನು ಚಹಾದ ಕಪ್ಪು ಹಿಡಿದು ಬಂದರೆ ನಾನು ಅದನ್ನು ಬಚ್ಚಲಿಗೆ ಚೆಲ್ಲಿ ಬರುತ್ತೇನೆ. ಕಪ್ಪು ಸ್ವಚ್ಛವಾಗಿಯೇ ಇರುತ್ತದೆ.

ಬರುವ ವಾರ ಕಳೆದರೆ ಪಂಚಮಿ, ಮದುವೆಯಾದ ಮೇಲಿನ ಮೊದಲ ಪಂಚಮಿ. ಅವನು ತಾನೇ ದಡ್ಡಿಗೆ ಬಿಡುತ್ತೇನೆ, ಸಂಜೆಗೆ ತಾನೇ ಕರೆತರುತ್ತೇನೆ ಎನ್ನುತ್ತಿದ್ದಾನೆ. ನೀನು ನನ್ನನ್ನು ಕರೆಯಲು ಬಾ. ಬಸ್ಸಿನಲ್ಲಿ ಬಾ. ಹೆಣ್ಣುಮಕ್ಕಳು ಕರೆಯಲು ಬರುವುದು ಎಲ್ಲಿಯ ಪದ್ಧತಿ ಎಂದು ಅತ್ತೆ ಕೇಳಿದರೆ ಕೇಳಲಿ. ಎಷ್ಟು ದಿನಕ್ಕೆ ಎಂದು ಕೇಳಿದರೆ ನೀನು ಉತ್ತರ ಕೊಡಬೇಡ, ನಾನು ಕೊಡುತ್ತೇನೆ. ಅಪ್ಪನಿಗೆ ಈ ಹಾಳೆ ಓದಬೇಡ.

ನಿನ್ನೆ ಘಟಪ್ರಭಾದಲ್ಲಿ ಇವರ ಬಳಗದ ಬಸುರಿಯೊಬ್ಬಳ ಕುಬಸವಿತ್ತು. ಅವನು ಕಾರು ಹೊರಗೆ ತಂದು, ತನ್ನ ಪಕ್ಕದ ಬಾಗಿಲು ತೆರೆದು, “ಬರ್ರಿ ಮಹಾರಾಣಿಯಾರ” ಅಂದ. ನಾನು ಹಿಂದಿನ ಬಾಗಿಲು ತೆಗೆದು ಕೂತೆ.

“ಏನ, ನನ್ನ ಡ್ರೈವರ್ ಮಾಡಿದಿ?” ಎಂದು ನಕ್ಕ.

“ಹೌದು” ಅಂದೆ.

ಓಣಿ ದಾಟುವ ತನಕ ನಗುತ್ತಲೇ ಇದ್ದ. ಆಮೇಲೆ ಮೇಲಿನ ಕನ್ನಡಿಯನ್ನು ಸರಿಪಡಿಸಿಕೊಳ್ಳುವಾಗ ಅವನಿಗೆ ಅದರಲ್ಲಿ ನನ್ನ ಮುಖ ಕಂಡಿತು.