ಕುದುರೆಗೆ ಅಂಟಿಸಿದ ಕೆಂಪು ಚುಕ್ಕಿ

ಫೆಬ್ರವರಿ ೯, ಭಾನುವಾರ

ಮಾನ ಹೋಯ್ತು. ಅದೂ ಯಾರಿಗೂ ಗೊತ್ತಾಗದ ಹಾಗೆ.

ಮೊದಲ ವರ್ಷ ನಮ್ಮ ಕಲಾಮೇಳದಲ್ಲಿ ಕಾಲಿಡೋಕೆ ಜಾಗ ಇರ್ಲಿಲ್ಲ. ಈ ಸಲ ಕಲಾವಿದರೇ ಒಬ್ಬರ ಚಿತ್ರ ಇನ್ನೊಬ್ಬರು ನೋಡ್ಕೊಂಡು ಕೂತಿದ್ರು. ಒಂದೂ ಮಾರಾಟ ಆಗಿರ್ಲಿಲ್ಲ. ಟೀವಿಯವರು ಬರ್ತಾರೆ ಅಂತ ಫೋನ್ ಬಂತು. ಮಾರಿಹೋದ ಚಿತ್ರಕ್ಕೆ ಹಚ್ಚೋ ಕೆಂಪು ಚುಕ್ಕಿನ, ಬಾಗಿಲ ಎದುರಿಗಿದ್ದ ಸಂಧ್ಯಾಳ ಕುದುರೆ ಚಿತ್ರಕ್ಕೆ ನಾನೇ ಅಂಟಿಸಿಬಿಟ್ಟೆ. ಅವಳು ಊಟಕ್ಕೆ ಹೋಗಿದ್ಳು. ಮೇಳದ ಅಧ್ಯಕ್ಷ ಅಲ್ವಾ ನಾನು!

ಕ್ಯಾಮೆರಾ ಓಡ್ತಾ ಇರುವಾಗಲೇ ಕುಣಿಗಲ್‌ನ ಒಬ್ಬ ಹೆಂಗಸು ಬಂದು ಕುದುರೆ ಮುಂದೆ ನಿಂತ್ರು.

"ನಮ್ಮೆಜಮಾನ್ರು ಕೊನೇವರೆಗೂ ನಮ್ಮ ಕುಣಿಗಲ್ ಕುದುರೆ ಫಾರಂನಲ್ಲೇ ಕೆಲಸಕ್ಕಿದ್ರು. ಇದು ಬೇಕಿತ್ತು ಕಣಪ್ಪ. ಯಾರೋ ತಗೊಂಡವ್ರಲ್ಲ."

"ಹೌದಮ್ಮ, ಹೋಗ್ಬಿಟ್ಟಿದೆ" ಅಂದೆ. ಕ್ಯಾಮೆರಾ ನನ್ನ ಮುಖದ ಮೇಲಿತ್ತು. ಆಯಮ್ಮ ಕುದುರೆಯ ಹಣೆ ಹತ್ರ ಕೈ ಒಯ್ದು, ಮುಟ್ಟದೆ ಹೊರಟುಹೋದ್ರು.

ಊಟ ಮುಗಿಸಿ ಬಂದ ಸಂಧ್ಯಾ ಚುಕ್ಕಿ ನೋಡಿ ಅತ್ತೇಬಿಟ್ಳು. ಅವಳ ಚಿತ್ರ ಮಾರಾಟ ಆಗಿದ್ದು ಇದೇ ಮೊದಲು.

"ಯಾರು ಸಾರ್ ತಗೊಂಡಿದ್ದು?"

"ನಾನೇ ಕಣಮ್ಮ."

ಎಲ್ಲರೆದುರಿಗೇ ಕಾಲಿಗೆ ಬಿದ್ಳು. ಹಿಂದಕ್ಕೆ ಸರೀಲೂ ಇಲ್ಲ ನಾನು, ನಿಂತು ನಮಸ್ಕಾರ ತಗೊಂಡೆ.

ಕುದುರೆ ಈಗ ನಮ್ಮ ಹಾಲ್‌ನಲ್ಲಿ ಗೋಡೆಗೆ ಮುಖ ಮಾಡಿ ನಿಂತಿದೆ. ಆಯಮ್ಮನ ಹೆಸರಾದ್ರೂ ಕೇಳಿದ್ದಿದ್ರೆ, ಕುಣಿಗಲ್‌ಗೆ ಹೋಗಿ ಕೊಟ್ಟು ಬರಬಹುದಿತ್ತು.